ನಾಲ್ಕಿದ್ದದ್ದು ಮೂರಾಯ್ತು, ಮೂರು ಎರಡಾಯ್ತು

ಏಪ್ರಿಲ್‌ನ ಒಂದು ಶನಿವಾರ ಬೆಳಗಿನ ಜಾವ ಐದು ಗಂಟೆಗೆ ನಾನು ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು ಕತ್ತಲಲ್ಲಿ ಅಲುಗಾಡದೆ ಕೂತಿದ್ದೆ. ಸಾಮಾನ್ಯವಾಗಿ ಆ ಹೊತ್ತಿಗೆ ನಾನು ಎದ್ದಿರೋದು ಬೆಂಗಳೂರಿನ ಟೀಮಿನ ಜೊತೆ ಕಾಲ್ ಇದ್ದಾಗ, ಇಲ್ಲವೇ ಪ್ರೊಡಕ್ಷನ್‌ನಲ್ಲಿ ಏನಾದ್ರೂ ಮಗುಚಿಕೊಂಡಾಗ ಮಾತ್ರ. ಈ ಸಲ ಕಾರಣ ಬೇರೆ. ನನ್ನ ಪಕ್ಕದ ಮರಕ್ಕೆ ಒರಗಿ ಎಂಬತ್ತರ ಹತ್ತಿರದ ಒಬ್ಬ ಅಜ್ಜ ಕೂತಿದ್ರು. ನನ್ನ ಟೀಮಿನ ಸೀನಿಯರ್ ಇಂಜಿನಿಯರ್‌ನ ಅಪ್ಪ. ಜಾಗ ಅಮೆರಿಕದ ಟೆನ್ನೆಸ್ಸೀ ರಾಜ್ಯದ ಜೈಲ್ಸ್ ಕೌಂಟಿ, ನಾನಿರುವ ನ್ಯಾಶ್‌ವಿಲ್‌ನಿಂದ ದಕ್ಷಿಣಕ್ಕೆ ಒಂದೂಕಾಲು ಗಂಟೆ ದಾರಿ.

ನಾವು ಕಾಯ್ತಾ ಇದ್ದದ್ದು ಒಂದು ಕೂಗಿಗೆ. ಕಾಡು ಟರ್ಕಿಯ ಹುಂಜ ರಾತ್ರಿ ಮರದ ಮೇಲೆ ಮಲಗುತ್ತೆ. ಬೆಳಕು ಹರಿಯೋ ಮುಂಚೆ ಅಲ್ಲಿಂದಲೇ ಗುಳುಗುಳು ಅಂತ ಕೂಗಿ ಹೇಂಟೆಗಳನ್ನು ಕರೆಯುತ್ತೆ. ಅದೇನಾದ್ರೂ ಸುಮ್ಮನಿದ್ರೆ ಶಿಕಾರಿಯವರು ಬಾಯಲ್ಲಿ ಗೂಬೆಯ ಹಾಗೆ ಕೂಗ್ತಾರೆ. ಗೂಬೆಯ ದನಿ ಕೇಳಿದರೆ ಹುಂಜಕ್ಕೆ ತಡೆಯೋಕಾಗದೆ ಉತ್ತರ ಕೊಟ್ಟುಬಿಡುತ್ತೆ. ಅಜ್ಜ ಮೂರು ಸಲ ಗೂಬೆಯಾದರು. ಉತ್ತರ ಬರಲಿಲ್ಲ.

"ಮೊದಲೆಲ್ಲ ಈ ಒಂದೇ ಗುಡ್ಡದಿಂದ ಐದಾರು ಕೂಗ್ತಿದ್ವು. ಯಾವುದರ ಕಡೆ ಹೋಗಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ" ಅಂತ ಪಿಸುಗುಟ್ಟಿದರು. ನಮ್ಮೂರಲ್ಲಿ ಹಿರಿಯರು ಹೊಳೆಯ ಮೀನಿನ ಬಗ್ಗೆ, ಮಳೆಯ ಬಗ್ಗೆ ಹೇಳುವಾಗ ಇರುತ್ತಲ್ಲ, ಅದೇ ದನಿ.

ನನ್ನ ಹತ್ತಿರ ಕೋವಿಯೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ನೋಡೋಕೆ ಹೋದವನು. ಮಲೆನಾಡಿನವನಾದ್ದರಿಂದ ಇಂಬಳಕ್ಕೆ ಹೆದರೋನಲ್ಲ, ಆದರೆ ಇಲ್ಲಿನ ಉಣುಗಿಗೆ ಹೆದರಿ ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿಕೊಂಡು ಕೂತಿದ್ದೆ. ಎಲ್ಲಕ್ಕಿಂತ ಕಷ್ಟ ಅಂದ್ರೆ ಕದಲದೆ ಇರೋದು. ಟರ್ಕಿಯ ಕಣ್ಣು ಬಹಳ ಚುರುಕು. ಮೂಗು ತುರಿಸಿಕೊಂಡರೂ ದೂರದಿಂದಲೇ ನೋಡಿ ಓಡುತ್ತೆ.

ನಮಗೆ ಟರ್ಕಿ ಅಂದ್ರೆ ಥ್ಯಾಂಕ್ಸ್‌ಗಿವಿಂಗ್ ದಿನ ಆಫೀಸಿನ ಗೆಳೆಯರ ಮನೆಯಲ್ಲಿ ಇಡಿಯಾಗಿ ಬೇಯಿಸಿ ಇಟ್ಟ, ಉಪ್ಪು ಖಾರ ಇಲ್ಲದ ದೊಡ್ಡ ಕೋಳಿ. ಅದು ಬೇರೆ, ಇದು ಬೇರೆ. ಫಾರಂ ಟರ್ಕಿಯ ಪೂರ್ವಜರನ್ನು ಮೆಕ್ಸಿಕೋದ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ್ದರು. ಸ್ಪೇನಿನವರು 16ನೇ ಶತಮಾನದಲ್ಲಿ ಅದನ್ನು ಯುರೋಪಿಗೆ ಒಯ್ದರು, ಅಲ್ಲಿಂದ ವಲಸಿಗರ ಜೊತೆ ಮತ್ತೆ ಅಮೆರಿಕಕ್ಕೆ ಬಂತು. ಕಾಡಿನ ಹಕ್ಕಿ ಮಾತ್ರ ತನ್ನ ಪಾಡಿಗೆ ಕಾಡಲ್ಲೇ ಉಳಿಯಿತು. ಹಾರುತ್ತೆ, ಮರ ಹತ್ತಿ ಮಲಗುತ್ತೆ, ಮೈಮೇಲೆ ಬಿಸಿಲು ಬಿದ್ದರೆ ತಾಮ್ರ, ಹಸಿರು, ನೇರಳೆ ಎಲ್ಲ ಒಟ್ಟಿಗೆ ಹೊಳೆಯುತ್ತೆ. ದೊಡ್ಡ ಹುಂಜ ಎಂಟು ಹತ್ತು ಕೇಜಿ ತೂಗುತ್ತೆ.

ಹೆಸರಿನದ್ದೇ ಒಂದು ತಮಾಷೆ. ಅಮೆರಿಕದ ಈ ಹಕ್ಕಿಗೆ ಇಂಗ್ಲಿಷಿನವರು ಟರ್ಕಿ ದೇಶದ ಹೆಸರಿಟ್ಟರು. ಟರ್ಕಿಯವರು ಅದನ್ನು 'ಹಿಂದಿ' ಅಂತಾರೆ, ಅಂದ್ರೆ ಭಾರತದ್ದು. ಫ್ರೆಂಚರಿಗೂ ಅದು 'ಇಂಡಿಯಾದ ಕೋಳಿ'. ಡಚ್ಚರ 'ಕಾಲ್ಕೂನ್' ಅನ್ನೋ ಪದ ಬಂದದ್ದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ! ನಿಜವಾಗಿ ಭಾರತಕ್ಕೆ ಅದು ಬಂದದ್ದು ಪೋರ್ಚುಗೀಸರ ಕಾಲದಲ್ಲಿ. 1612ರಲ್ಲಿ ಗೋವಾದಿಂದ ತಂದ ಟರ್ಕಿಯನ್ನು ನೋಡಿ ಬೆರಗಾದ ಜಹಾಂಗೀರ್ ಬಾದಷಾ ಅದರ ಬಗ್ಗೆ ತನ್ನ ದಿನಚರಿಯಲ್ಲಿ ಬರೆದು, ಆಸ್ಥಾನದ ಚಿತ್ರಕಾರ ಮನ್ಸೂರ್ ಕೈಲಿ ಚಿತ್ರವನ್ನೂ ಬರೆಸಿದ. ಎಲ್ಲರೂ ಬೇರೆಯವರದ್ದು ಅಂತ ಕೈತೋರಿಸಿದ ಹಕ್ಕಿ ಇದು.

ಒಂದು ಸಲ ಹೋಗಿ ಬಂದದ್ದು

ಈ ಕಥೆಯಲ್ಲಿ ನನಗೆ ಮೊದಲು ಆಶ್ಚರ್ಯ ತಂದದ್ದು ಟರ್ಕಿ ಕಡಿಮೆಯಾಗ್ತಿದೆ ಅನ್ನೋದಲ್ಲ. ಅದು ಒಮ್ಮೆ ಬಹುತೇಕ ಮುಗಿದೇ ಹೋಗಿತ್ತು, ಆಮೇಲೆ ವಾಪಸ್ ಬಂದಿತ್ತು ಅನ್ನೋದು.

ಕಾಡು ಕಡಿದು, ಮಾರಾಟಕ್ಕಾಗಿ ಲೆಕ್ಕವಿಲ್ಲದೆ ಹೊಡೆದು, 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು ಸುಮಾರು 2 ಲಕ್ಷ ಟರ್ಕಿ ಅಂತ ಅಂದಾಜು. ಎಷ್ಟೋ ರಾಜ್ಯಗಳಲ್ಲಿ ಒಂದೂ ಇರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಂತೂ 19ನೇ ಶತಮಾನದ ಮಧ್ಯದಲ್ಲೇ ಮುಗಿದಿತ್ತು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲೆ ಶೇ 11 ತೆರಿಗೆ. ಆ ದುಡ್ಡು ಸೀದಾ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ. ನಮ್ಮ ಸೆಸ್ ಇದ್ದ ಹಾಗೆ. ಬೇಟೆಗಾರ ಕೊಡೋ ದುಡ್ಡಲ್ಲೇ ಬೇಟೆಯ ಪ್ರಾಣಿ ಉಳಿಸೋದು. ಕೇಳೋಕೆ ವಿಚಿತ್ರ, ಆದರೆ ಇಲ್ಲಿನ ವ್ಯವಸ್ಥೆ ನಿಂತಿರೋದೇ ಅದರ ಮೇಲೆ.

ದುಡ್ಡು ಬಂದರೂ ಉಪಾಯ ಹೊಳೆಯಲಿಲ್ಲ. ಮೊದಲು ಫಾರಂನಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟರು. ಅಮ್ಮನ ಹಿಂದೆ ಓಡಾಡಿ ಕಲಿಯದ ಆ ಹಕ್ಕಿಗಳಿಗೆ ನರಿ ಯಾವುದು, ಗಿಡುಗ ಯಾವುದು ಗೊತ್ತಿರಲಿಲ್ಲ. ಬಿಟ್ಟವೆಲ್ಲ ಸತ್ತವು. ಒಂದೆರಡು ವರ್ಷ ಅಲ್ಲ, ದಶಕಗಟ್ಟಲೆ ಇದನ್ನೇ ಮಾಡಿದರು. (ಕೆಲಸ ಮಾಡದ ಫೀಚರನ್ನು ಮೂರು ಕ್ವಾರ್ಟರ್ ಎಳೆಯೋ ನಮ್ಮಂಥವರು ನಗೋ ಹಾಗಿಲ್ಲ.) ಕೊನೆಗೆ 1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಒಂದು ದಾರಿ ಸಿಕ್ಕಿತು: ಮೆಕ್ಕೆಜೋಳ ಚೆಲ್ಲಿ, ನಿಜವಾದ ಕಾಡು ಹಕ್ಕಿಗಳು ಗುಂಪಾಗಿ ತಿನ್ನೋಕೆ ಬಂದಾಗ, ಸಿಡಿಮದ್ದಿನಿಂದ ಅವುಗಳ ಮೇಲೆ ಬಲೆ ಹಾರಿಸೋದು. ಹಿಡಿದ ಹಕ್ಕಿಯನ್ನು ಪೆಟ್ಟಿಗೆಯಲ್ಲಿಟ್ಟು ಖಾಲಿ ಬಿದ್ದ ಕಾಡಿಗೆ ಸಾಗಿಸೋದು. ಅಷ್ಟೇ. ಕಾಡಿನ ಹಕ್ಕಿಗೆ ಕಾಡು ಗೊತ್ತಿತ್ತು.

1972-73ರಲ್ಲಿ ಮ್ಯಾಸಚೂಸೆಟ್ಸ್‌ನವರು ನ್ಯೂಯಾರ್ಕ್‌ನಿಂದ ಹೀಗೆ ತಂದು ಬಿಟ್ಟದ್ದು ಬರೀ 37 ಹಕ್ಕಿ. ಈಗ ಅಲ್ಲಿ 25 ಸಾವಿರಕ್ಕೂ ಹೆಚ್ಚಿವೆ. ಬಾಸ್ಟನ್ ಪಕ್ಕದ ಬಡಾವಣೆಗಳಲ್ಲಿ ಟರ್ಕಿ ರಸ್ತೆಗೆ ಅಡ್ಡ ನಿಂತು ಕಾರಿನ ಕನ್ನಡಿಯಲ್ಲಿ ಕಾಣುವ ತನ್ನ ಬಿಂಬದ ಜೊತೆ ಜಗಳ ಆಡುತ್ತೆ, ವಾಕಿಂಗ್ ಹೋಗೋರನ್ನು ಅಟ್ಟಿಸಿಕೊಂಡು ಬರುತ್ತೆ. ಅಲ್ಲಿರೋ ನನ್ನ ಕಾಲೇಜ್ ಗೆಳೆಯನಿಗೆ ಟರ್ಕಿ ಕಡಿಮೆಯಾಗ್ತಿದೆ ಕಣೋ ಅಂದ್ರೆ, "ನಮ್ಮ ಅಪಾರ್ಟ್‌ಮೆಂಟಿಗೆ ಬಾ ಮಾರಾಯ, ಒಂದು ಡಜನ್ ಕಟ್ಟಿಕೊಡ್ತೀನಿ" ಅಂದ.

ದೇಶದ ಲೆಕ್ಕದಲ್ಲಿ 1973ರ ಹೊತ್ತಿಗೆ 13 ಲಕ್ಷದ ಸುಮಾರಿಗಿದ್ದದ್ದು, ಈ ಶತಮಾನದ ಮೊದಲ ದಶಕದಲ್ಲಿ 70 ಲಕ್ಷದ ಹತ್ತಿರ ಹೋಯಿತು. ವನ್ಯಜೀವಿ ಇಲಾಖೆಗಳು ಎದೆ ತಟ್ಟಿಕೊಂಡವು. ತಟ್ಟಿಕೊಳ್ಳಬೇಕಾದ್ದೇ. ಆಮೇಲೆ, ಮುಖ್ಯವಾಗಿ ದಕ್ಷಿಣ ಮತ್ತು ಮಧ್ಯದ ರಾಜ್ಯಗಳಲ್ಲಿ, ಗ್ರಾಫ್ ತಿರುಗಿತು. ಮಿಸೌರಿ ರಾಜ್ಯದಲ್ಲಿ 2004ರ ವಸಂತದಲ್ಲಿ 60 ಸಾವಿರ ಟರ್ಕಿ ಹೊಡೆದಿದ್ದರು. 2021ರಲ್ಲಿ ಸುಮಾರು 35 ಸಾವಿರ. ಟೆನ್ನೆಸ್ಸೀಯ ಈ ದಕ್ಷಿಣದ ಕೌಂಟಿಗಳಲ್ಲಿ, ಜೈಲ್ಸ್, ಲಾರೆನ್ಸ್, ವೇಯ್ನ್ ಕಡೆಯಲ್ಲಿ, "ಹಕ್ಕಿ ಎಲ್ಲಿ ಹೋಯ್ತು?" ಅಂತ ರೈತರು, ಶಿಕಾರಿಯವರು ಕೇಳೋಕೆ ಶುರುಮಾಡಿ ಹತ್ತು ವರ್ಷದ ಮೇಲಾಯಿತು.

ಮಿತಿ ಇಳಿದದ್ದು

ಇಲ್ಲಿ ವಸಂತದ ಸೀಸನ್‌ನಲ್ಲಿ ಒಬ್ಬರು ಇಷ್ಟೇ ಹಕ್ಕಿ ಹೊಡೆಯಬಹುದು ಅಂತ ಪ್ರತಿ ರಾಜ್ಯವೂ ಮಿತಿ ಹಾಕುತ್ತೆ. ಟೆನ್ನೆಸ್ಸೀಯಲ್ಲಿ ಅದು ನಾಲ್ಕಿತ್ತು. 2021ರಲ್ಲಿ ಮೂರಾಯಿತು. 2023ರಲ್ಲಿ ಎರಡಾಯಿತು, ಜೊತೆಗೆ ಏಪ್ರಿಲ್ ಮೊದಲ ವಾರ ಶುರುವಾಗ್ತಿದ್ದ ಸೀಸನ್ ಎರಡು ವಾರ ಮುಂದಕ್ಕೆ ಹೋಯಿತು. ಜಾರ್ಜಿಯಾದಲ್ಲಿ 2022ರಲ್ಲಿ ಮೂರು ಇದ್ದದ್ದು ಎರಡಾಯಿತು, ಅಲಬಾಮಾದಲ್ಲಿ ಐದು ಇದ್ದದ್ದು ನಾಲ್ಕಾಯಿತು. ಒಕ್ಲಹೋಮಾದವರು ಅದೇ ವರ್ಷ ಮೂರರಿಂದ ಒಂದೇ ಸಲಕ್ಕೆ ಒಂದಕ್ಕೆ ಇಳಿಸಿಬಿಟ್ಟರು. ಕಾನ್ಸಾಸ್‌ನಲ್ಲಿ 2023ರಿಂದ ಚಳಿಗಾಲದ ಮುಂಚಿನ ಸೀಸನ್ನೇ ನಿಲ್ಲಿಸಿದರು.

ವಸಂತದಲ್ಲಿ ಹೊಡೆಯೋದು ಹುಂಜವನ್ನು ಮಾತ್ರ (ನಿಯಮದ ಪ್ರಕಾರ ಎದೆಯಿಂದ ಗಡ್ಡದಂಥ ಗೊಂಚಲು ಇಳಿಬಿದ್ದಿರಬೇಕು). ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತೆ, ಹಾಗಾಗಿ ಕೆಲವು ಹುಂಜ ಹೋದರೆ ಸಂತತಿಗೆ ನಷ್ಟವಿಲ್ಲ ಅನ್ನೋದು ಹಳೇ ಲೆಕ್ಕ. ಆದರೆ ಸೀಸನ್ ಬೇಗ ಶುರುವಾದರೆ, ಹೇಂಟೆಗಳು ಮೊಟ್ಟೆಗೆ ಕೂರೋ ಮುಂಚೆಯೇ ಬಲಿಷ್ಠ ಹುಂಜಗಳೆಲ್ಲ ಸತ್ತು, ಕೂಡುವ ಕ್ರಮವೇ ಕಲಸಿಹೋಗುತ್ತೆ ಅಂತ ಕೆಲವು ವಿಜ್ಞಾನಿಗಳು ವಾದ ಮಾಡಿದರು. ಸೀಸನ್ ಮುಂದೆ ಹೋದದ್ದು ಇದರಿಂದ.

ವಾದ ಚೆನ್ನಾಗಿದೆ. ಟೆನ್ನೆಸ್ಸೀ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿಯೂ ನೋಡಿದರು. ಕೆಲವು ಕೌಂಟಿಗಳಲ್ಲಿ ಸೀಸನ್ ಎರಡು ವಾರ ತಡ, ಪಕ್ಕದ ಕೌಂಟಿಗಳಲ್ಲಿ ಹಳೇ ದಿನಾಂಕವೇ. ಹೇಂಟೆಗಳ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಗೂಡಿನ ಮೇಲೆ ಕಣ್ಣಿಡೋದು. ನಮ್ಮ ಭಾಷೆಯಲ್ಲಿ ಪಕ್ಕಾ ಎ/ಬಿ ಟೆಸ್ಟ್. ತಡ ಮಾಡಿದ್ದರಿಂದ ಗೂಡುಗಳ ಯಶಸ್ಸು ಹೆಚ್ಚಾದದ್ದು ಕಾಣಲಿಲ್ಲ. ಹೇಂಟೆಗಳಿಗೆ ಹುಂಜದ ಕೊರತೆ ಇರಲಿಲ್ಲ. ಮೊಟ್ಟೆ, ಮರಿ ಉಳೀತಾ ಇರಲಿಲ್ಲ.

ಮಿತಿ ಇಳಿಸಿದ್ದರ ಬಗ್ಗೆಯೂ ನನಗೆ ಅನುಮಾನ ಇತ್ತು. ಸೀನಿಯರ್ ಹತ್ತಿರ ಲಂಚ್‌ಗೆ ಕೂತಾಗ ಕೇಳಿದೆ: "ನಾಲ್ಕು ಹೊಡೆಯೋರು ಎಷ್ಟು ಜನ ಇದ್ರು?" ಆತ ನಕ್ಕ. ಹೆಚ್ಚಿನವರಿಗೆ ವರ್ಷಕ್ಕೆ ಒಂದು ಸಿಕ್ಕರೆ ಪುಣ್ಯ, ಎಷ್ಟೋ ಜನಕ್ಕೆ ಒಂದೂ ಇಲ್ಲ. ನಾಲ್ಕರ ಮಿತಿಯನ್ನು ಎರಡಕ್ಕೆ ಇಳಿಸಿದರೆ ಕೈಕಟ್ಟಿದ ಹಾಗಾಗೋದು ಬಹಳ ನುರಿತ ಕೆಲವರಿಗೆ ಮಾತ್ರ. ನಿಮಿಷಕ್ಕೆ ಹತ್ತು ರಿಕ್ವೆಸ್ಟ್ ಕಳಿಸೋ ಗಿರಾಕಿಗೆ ಸಾವಿರದ ರೇಟ್ ಲಿಮಿಟನ್ನು ಐನೂರು ಮಾಡಿದರೆ ಏನು ವ್ಯತ್ಯಾಸ? ಹಾಗಂತ ನಾನು ಜಾಣತನ ತೋರಿಸಿದೆ. ಆ ಮಾತನ್ನು ಆಮೇಲೆ ಅರ್ಧ ನುಂಗಬೇಕಾಯಿತು.

ಹಾಗಾದ್ರೆ ಮೊಟ್ಟೆ ಎಲ್ಲಿ ಹೋಗುತ್ತೆ?

ಹೇಂಟೆ ನೆಲದ ಮೇಲೆ, ಹುಲ್ಲು ಪೊದೆ ನೋಡಿಕೊಂಡು, ಹತ್ತು ಹನ್ನೆರಡು ಮೊಟ್ಟೆ ಇಡುತ್ತೆ. ದಿನಕ್ಕೊಂದರ ಹಾಗೆ ಇಟ್ಟು ಮುಗಿಸೋಕೇ ಎರಡು ವಾರ, ಆಮೇಲೆ 28 ದಿನ ಕಾವು. ಮರಿ ಹೊರಗೆ ಬಂದರೂ ಎರಡು ವಾರದವರೆಗೆ ಮರಕ್ಕೆ ಹಾರೋಕಾಗಲ್ಲ, ರಾತ್ರಿ ಅಮ್ಮನ ರೆಕ್ಕೆಯಡಿ ನೆಲದಲ್ಲೇ. ಅಂದ್ರೆ ಸುಮಾರು ಎರಡು ತಿಂಗಳು ಇಡೀ ಸಂಸಾರ ನೆಲದ ಮೇಲೆ. ರಕೂನ್, ಒಪಾಸಮ್, ಸ್ಕಂಕ್, ಹಾವು, ಕಾಗೆ, ಎಲ್ಲಕ್ಕೂ ಮೊಟ್ಟೆ ಇಷ್ಟ. ಇವೇನು ಹೊಸ ಶತ್ರುಗಳಲ್ಲ. ಆದರೆ 1970ರ ಕೊನೆಯಲ್ಲಿ ರಕೂನ್ ಚರ್ಮಕ್ಕೆ ಒಳ್ಳೇ ಬೆಲೆ ಇತ್ತು, ಹಳ್ಳಿ ಹುಡುಗರು ಬೋನು ಇಟ್ಟು ಪಾಕೆಟ್ ಮನಿ ಮಾಡ್ತಿದ್ರು. 80ರ ದಶಕ ಮುಗಿಯೋದರೊಳಗೆ ತುಪ್ಪಳದ ಮಾರುಕಟ್ಟೆ ಕುಸಿಯಿತು, ಬೋನು ಅಟ್ಟ ಸೇರಿತು.

ಜೊತೆಗೆ ಜಾಗ. ಹೇಂಟೆಗೆ ಬೇಕಾದದ್ದು ದಟ್ಟ ಕಾಡೂ ಅಲ್ಲ, ನುಣ್ಣಗೆ ಕೊಯ್ದ ಹುಲ್ಲುಗಾವಲೂ ಅಲ್ಲ. ಅರ್ಧ ಪಾಳು ಬಿದ್ದ, ಮುಳ್ಳು ಪೊದೆ, ಕಳೆ ಗಿಡ ಬೆಳೆದ ಜಾಗ. ಹಿಂದೆ ಆಗಾಗ ಬೀಳ್ತಿದ್ದ ಬೆಂಕಿ ಅಂಥ ಜಾಗ ಮಾಡಿಕೊಡ್ತಿತ್ತು. ಈಗ ಬೆಂಕಿ ಇಲ್ಲ, ಕಾಡು ಮೇಲೆ ಮುಚ್ಚಿಕೊಂಡು ಕೆಳಗೆ ಬರೀ ನೆರಳು. ಹೊಲಗಳಲ್ಲಿ ಕೆಂಟಕಿ 31 ಅನ್ನೋ ಫೆಸ್ಕ್ಯೂ ಹುಲ್ಲು, 1940ರ ದಶಕದಲ್ಲಿ ಬಂದದ್ದು, ಚಾಪೆಯ ಹಾಗೆ ಒತ್ತಾಗಿ ಬೆಳೆಯುತ್ತೆ. ಲಿಂಬೆಹಣ್ಣಿನಷ್ಟು ದಪ್ಪದ ಮರಿ ಅದರೊಳಗೆ ನುಸುಳೋಕಾಗದೆ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲ ವಾರಗಳಲ್ಲಿ ಮರಿಯ ಊಟ ಹುಳ ಹುಪ್ಪಟೆ. ಅಲ್ಲಿ ಅದೂ ಕಡಿಮೆ.

ಇಷ್ಟೆಲ್ಲ ಕೇಳಿದ ಮೇಲೆ ಅಜ್ಜ ತಾವಾಗಿಯೇ ಇನ್ನೊಂದು ಹೇಳಿದರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ. ಇಲ್ಲಿನವರು ಹಸುವಿಗೆ ಹುಲ್ಲು ಕೊಯ್ಯೋದು ಮೇ ತಿಂಗಳಲ್ಲಿ. ಹುಲ್ಲು ಎಳೆಯದಿದ್ದಾಗ ಸತ್ವ ಹೆಚ್ಚು, ಬೆಲೆಯೂ ಹೆಚ್ಚು. ಹೇಂಟೆ ಕಾವು ಕೂರೋದೂ ಮೇ ತಿಂಗಳಲ್ಲೇ. ಕಾವಿನ ಕೊನೆ ದಿನಗಳಲ್ಲಿ ಅದು ಟ್ರ್ಯಾಕ್ಟರ್ ಬಂದರೂ ಏಳೋದಿಲ್ಲ. ಕೆಲವು ವರ್ಷಗಳ ಹಿಂದೆ ಅವರ ಯಂತ್ರ ಒಂದು ಗೂಡಿನ ಮೇಲೆ ಹೋಯಿತು. ಇಳಿದು ನೋಡಿದರಂತೆ. ಏನು ನೋಡಿದೆ ಅಂತ ಹೇಳಲಿಲ್ಲ, ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಎರಡು ತುಂಡು ಮಾಡಿ ಹಾಗೇ ಇಟ್ಟರು. "ಜೀವಮಾನದಲ್ಲಿ ನಾನು ಕೋವಿಯಿಂದ ಹೊಡೆದದ್ದಕ್ಕಿಂತ ಜಾಸ್ತಿ ಈ ಯಂತ್ರದಿಂದ ಕೊಂದಿರಬಹುದು. ಅದಕ್ಕೆ ಯಾರೂ ಮಿತಿ ಹಾಕಲಿಲ್ಲ ನೋಡು."

ಆ ವರ್ಷದಿಂದ ಗುಡ್ಡದ ಬುಡದ ಹನ್ನೆರಡು ಎಕರೆಯನ್ನು ಅವರು ಜುಲೈ ಮುಗಿಯೋವರೆಗೆ ಮುಟ್ಟೋದಿಲ್ಲ. ಆಮೇಲೆ ಕೊಯ್ದ ಹುಲ್ಲು ಕಡ್ಡಿಯಾಗಿರುತ್ತೆ, ಅರ್ಧ ಬೆಲೆಗೂ ಕೇಳೋರಿಲ್ಲ. ಪಿಂಚಣಿಯಲ್ಲಿ ಬದುಕೋ ಮನುಷ್ಯನಿಗೆ ಅದು ಸಣ್ಣ ಮಾತಲ್ಲ. ಮಗನಿಗೂ ಅವರಿಗೂ ಪ್ರತಿ ಮೇ ತಿಂಗಳು ಇದರ ಬಗ್ಗೆ ಜಗಳ ಆಗುತ್ತಂತೆ.

ನಮ್ಮನೆ ಕೋವಿ

ಇದನ್ನೆಲ್ಲ ಕೇಳ್ತಾ ನನಗೆ ನನ್ನ ಅಜ್ಜ ನೆನಪಾದರು. ನಮ್ಮದು ಮೂಡಿಗೆರೆ ಕಡೆಯ ಹಳ್ಳಿ. ಬೆಳೆ ಕಾಯೋಕೆ ಲೈಸೆನ್ಸಿನ ಒಂಟಿ ನಳಿಗೆ ಕೋವಿ ಇತ್ತು, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಒಯ್ದು ಇಟ್ಟು ಬರಬೇಕಿತ್ತು. 1972ರ ವನ್ಯಜೀವಿ ಕಾಯ್ದೆ ಬರೋ ಮುಂಚೆ ಅಜ್ಜ ಶಿಕಾರಿಗೆ ಹೋಗ್ತಿದ್ದವರೇ. ನಾನು ನೋಡುವ ಹೊತ್ತಿಗೆ ಕೋವಿಗೆ ವರ್ಷಕ್ಕೊಮ್ಮೆ ಆಯುಧಪೂಜೆ ಮಾತ್ರ. ಕಾಡುಕೋಳಿ ಕೂಗಿದಾಗ ಜಗಲಿಯಲ್ಲಿ ಕೂತು ಕಿವಿ ಕೊಡೋರು. "ಮೊಟ್ಟೆ ಕಾಲದಾಗೆ ಈಡು ಹೊಡೀಬಾರ್ದು ಕಣೋ, ಅದು ಆಗ್ಲೂ ಇದ್ದ ಲೆಕ್ಕ" ಅಂತಿದ್ರು. ಆ ಲೆಕ್ಕವನ್ನು ಎಲ್ಲರೂ ಪಾಲಿಸ್ತಿದ್ರಾ ಅಂದ್ರೆ, ಇಲ್ಲ. ಅವರೇ ಪಾಲಿಸ್ತಿದ್ರಾ ಅಂತ ನಾನು ಕೇಳಲಿಲ್ಲ.

ನಮ್ಮಲ್ಲಿ ಬೇಟೆಯೇ ನಿಷಿದ್ಧ. ಇಲ್ಲಿ ಬೇಟೆಯ ದುಡ್ಡೇ ಸಂರಕ್ಷಣೆಯ ಅನ್ನ. ಯಾವುದು ಸರಿ ಅಂತ ತೀರ್ಪು ಕೊಡೋ ಉತ್ಸಾಹ ನನಗಿಲ್ಲ. ಆದರೆ ಒಂದು ಹೇಳ್ತೀನಿ: ಟರ್ಕಿ ಕೂಗಲಿಲ್ಲ ಅಂತ ನಿದ್ದೆಗೆಟ್ಟವರು ಇಲ್ಲಿ ಲಕ್ಷಗಟ್ಟಲೆ ಇದ್ದಾರೆ. ನಮ್ಮೂರಲ್ಲಿ ಕಾಡುಕೋಳಿ ಕೂಗು ನಿಂತರೆ ವಾಟ್ಸ್ಯಾಪ್ ಗ್ರೂಪಿನಲ್ಲಿ ಎಷ್ಟು ಜನ ಗಮನಿಸ್ತಾರೋ!

ಅಮ್ಮನಿಗೆ ಫೋನಲ್ಲಿ ಹೇಳಿದಾಗ ಅವಳ ಮೊದಲ ಪ್ರಶ್ನೆ, "ಕಮ್ಮಿ ಆಗ್ತಿದೆ ಅಂತೀಯ, ಮತ್ತೆ ಹೊಡಿಯೋದ್ಯಾಕೆ? ಪೂರ್ತಿ ನಿಲ್ಲಿಸಬಾರ್ದಾ?" ನನಗೂ ಅದೇ ಪ್ರಶ್ನೆ ಇತ್ತು. ಸೀನಿಯರ್‌ಗೆ ಕೇಳಿದ್ದೆ. ಲೈಸೆನ್ಸ್ ದುಡ್ಡು ನಿಂತರೆ ಟ್ರಾನ್ಸ್‌ಮಿಟರ್ ಕಟ್ಟೋರು ಯಾರು, ಹೊಲಕ್ಕೆ ಬಂದು ಸಲಹೆ ಕೊಡೋರು ಯಾರು ಅಂದ ಆತ. ಅಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. "ಅದೆಲ್ಲ ತಿನ್ನೋರ ಮಾತು" ಅಂದಳು. ಎರಡು ವರ್ಷದ ಹಿಂದೆ ಆತ ಕೊಟ್ಟ ಕಾಡು ಟರ್ಕಿಯ ಕಾಲುಗಳನ್ನು ನಾನು ಕುಕ್ಕರಿನಲ್ಲಿ ಹನ್ನೆರಡು ವಿಷಲ್ ಕೂಗಿಸಿ, ಅವಳೇ ಕಳಿಸಿದ ಮಸಾಲೆಪುಡಿ ಹಾಕಿ ಸಾರು ಮಾಡಿದ್ದೆ. ಆ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತೆ.

ಬೇಲಿಯಾಚೆ

ಆ ಶನಿವಾರಕ್ಕೆ ವಾಪಸ್ ಬರ್ತೀನಿ. ಆ ಮನೆಯಲ್ಲಿ ಶಿಕಾರಿ ಮಾಡೋರು ಮೂವರು: ಅಜ್ಜ, ಮಗ, ಹದಿನಾಲ್ಕು ವರ್ಷದ ಮೊಮ್ಮಗಳು. ತಲೆಗೆ ಎರಡರಂತೆ ಕಾನೂನಿನ ಪ್ರಕಾರ ಆರು ಹುಂಜ. ಗುಡ್ಡದಲ್ಲಿ ಇದ್ದದ್ದು ಎರಡು. ಮಿತಿ ಇರೋದು ಮನುಷ್ಯರ ತಲೆಗೆ, ಗುಡ್ಡಕ್ಕಲ್ಲ. ಹಾಗಾಗಿ ಅವರು ಮನೆಯದ್ದೇ ಒಂದು ಮಿತಿ ಮಾಡಿಕೊಂಡಿದ್ದರು: ಈ ವರ್ಷ ಇಡೀ ಮನೆಗೆ ಒಂದೇ. ಅದು ಮೊಮ್ಮಗಳದ್ದು. ಅಜ್ಜ ಕೋವಿಯನ್ನೇ ತಂದಿರಲಿಲ್ಲ.

ಆರು ಗಂಟೆ ದಾಟಿದ ಮೇಲೆ ಕೊನೆಗೂ ಒಂದು ಕೂಗಿತು. ನಮ್ಮಿಂದ ದೂರ, ಅಪ್ಪ ಮಗಳು ಕೂತಿದ್ದ ಕಡೆ. ಅಜ್ಜನ ಮುಖ ಕತ್ತಲಲ್ಲೂ ಕಂಡಿತು ಅನ್ನಿ. ಸ್ವಲ್ಪ ಹೊತ್ತಿಗೆ ರೆಕ್ಕೆ ಬಡಿದ ಸದ್ದು, ಮರದಿಂದ ಇಳಿದದ್ದು. ಆಮೇಲೆ ಹುಲ್ಲುಗಾವಲಿನ ಆಚೆ ತುದಿಯಲ್ಲಿ ನಾನದನ್ನು ನೋಡಿದೆ. ಬಾಲ ಬೀಸಣಿಗೆ ಮಾಡಿಕೊಂಡು, ಕುತ್ತಿಗೆ ಕೆಂಪಗೆ, ತಲೆ ಬೆಳ್ಳಗೆ ನೀಲಿ, ಯಕ್ಷಗಾನದ ಬಣ್ಣದ ವೇಷದ ಹಾಗೆ ನಿಧಾನಕ್ಕೆ ತಿರುಗ್ತಾ ಇತ್ತು. ಮುಂದೆ ಎರಡು ಹೇಂಟೆ. ಹುಡುಗಿ ಕೂತಲ್ಲಿಗೆ ಇನ್ನೂ ಎಂಬತ್ತು ತೊಂಬತ್ತು ಗಜ. ನಲವತ್ತರೊಳಗೆ ಬಂದರೆ ಮಾತ್ರ ಹೊಡೆಯಬೇಕು ಅಂತ ಅಪ್ಪನ ಆಜ್ಞೆ. ಹೇಂಟೆಗಳು ಬೇಲಿಯ ಕಡೆ ತಿರುಗಿದವು. ಹುಂಜ ಅವುಗಳ ಹಿಂದೆ ಹೋಯಿತು. ತಂತಿಯ ಕೆಳಗೆ ನುಸುಳಿ ಪಕ್ಕದವರ ಜಮೀನಿಗೆ.

ಏಳೂವರೆಗೆ ಆ ಕಡೆಯಿಂದ ಒಂದು ಈಡು ಕೇಳಿಸಿತು. ಒಂದೇ.

ಅಜ್ಜ ಎದ್ದು ನಿಂತು ಪ್ಯಾಂಟ್ ಕೊಡವಿಕೊಂಡರು. ಹುಡುಗಿ ಓಡಿಕೊಂಡು ಬಂದಳು, ಕಣ್ಣಲ್ಲಿ ನೀರು. "ಅದು ನಮ್ಮದು, ಅಲ್ವಾ ಗ್ರ್ಯಾಂಡ್‌ಪಾ?" ಅಂದಳು. ಅವರು ಹೇಳಿದ್ದು ಇಷ್ಟೇ: "ಅವರ ಟ್ಯಾಗ್, ಅವರ ಜಾಗ. ಹಕ್ಕಿ ಮಾತ್ರ ಯಾರದ್ದೂ ಅಲ್ಲ."

ಕಾನೂನೂ ಅದನ್ನೇ ಹೇಳುತ್ತೆ. ಅಮೆರಿಕದಲ್ಲಿ ಜಮೀನು ಯಾರದ್ದೇ ಇರಲಿ, ಅದರ ಮೇಲೆ ಓಡಾಡೋ ಕಾಡುಪ್ರಾಣಿ ಜಮೀನ್ದಾರನ ಸ್ವತ್ತಲ್ಲ; ಎಲ್ಲ ಜನರ ಪರವಾಗಿ ರಾಜ್ಯ ನೋಡಿಕೊಳ್ಳಬೇಕು. ನಾನು ರೇಟ್ ಲಿಮಿಟ್ ಜಾಣತನವನ್ನು ನುಂಗಿದ್ದು ಅಲ್ಲೇ. ಒಂದು ಮನೆಯವರು ಹನ್ನೆರಡು ಎಕರೆ ಹುಲ್ಲು ಬಿಟ್ಟುಕೊಟ್ಟು, ಮೂವರ ಪಾಲನ್ನು ಒಂದು ಮಾಡಿಕೊಂಡು, ರಾತ್ರಿ ರಕೂನ್ ಬೋನು ಇಟ್ಟು ಸಾಕಿದ ಹಕ್ಕಿ ಬೇಲಿ ದಾಟೋಕೆ ಒಂದು ನಿಮಿಷ ಸಾಕು. ಬೇಲಿಯ ಎರಡೂ ಕಡೆಯವರಿಗೆ ಒಂದೇ ಲೆಕ್ಕ ಅಂತ ಇರೋದು ರಾಜ್ಯದ ಮಿತಿ ಮಾತ್ರ. ಅದು ಗೂಡು ಉಳಿಸದಿರಬಹುದು, ಮರಿಯನ್ನೂ ಹೆಚ್ಚು ಮಾಡದಿರಬಹುದು. ಆದರೆ ನಾನು ಬಿಟ್ಟರೆ ಅವನು ಹೊಡೀತಾನೆ ಅನ್ನೋ ಲೆಕ್ಕಾಚಾರಕ್ಕೆ ಒಂದು ತಡೆ ಅಂತ ಇರೋದು ಅದೊಂದೇ.

ಪಕ್ಕದ ಜಮೀನಿನವರು ಕೆಟ್ಟವರೇನಲ್ಲ. ಮಧ್ಯಾಹ್ನ ಅವರೇ ಫೋನ್ ಮಾಡಿ, ಮಗನ ಮೊದಲ ಟರ್ಕಿ ಅಂತ ಖುಷಿಯಲ್ಲಿ ಹೇಳಿದರು. ಅಜ್ಜ ಅಭಿನಂದನೆ ಹೇಳಿದರು. ಹುಲ್ಲಿನ ವಿಷಯ ಎತ್ತಿ, ನಿಮ್ಮ ಕೆಳಗಿನ ಹೊಲವನ್ನೂ ಜುಲೈವರೆಗೆ ಬಿಡ್ತೀರಾ ಅಂತ ಕೇಳಿದರು. ಆ ಕಡೆಯಿಂದ ಏನು ಉತ್ತರ ಬಂತೋ ಗೊತ್ತಿಲ್ಲ. ಅಜ್ಜ "ಸರಿ, ಯೋಚನೆ ಮಾಡಿ" ಅಂತ ಇಟ್ಟರು. ಮೊಮ್ಮಗಳು ಸಂಜೆಯವರೆಗೆ ರೂಮಿನಿಂದ ಹೊರಗೆ ಬರಲಿಲ್ಲ.

ಜುಲೈ ಎರಡನೇ ವಾರ ನಾನು ಸ್ಟ್ಯಾಂಡಪ್ ಕಾಲ್‌ನಲ್ಲಿದ್ದಾಗ ಸೀನಿಯರ್ ಒಂದು ವಿಡಿಯೋ ಕಳಿಸಿದ. ಕೊಯ್ಯದೆ ಬಿಟ್ಟ ಹೊಲದ ಅಂಚು, ಒಂದು ಹೇಂಟೆ, ಹಿಂದೆ ಮರಿಗಳು. ಜುಲೈ, ಆಗಸ್ಟ್‌ನಲ್ಲಿ ಜನ ಎಲ್ಲೇ ಹೇಂಟೆ ಮರಿ ಕಂಡರೂ ಎಣಿಸಿ ಇಲಾಖೆಗೆ ತಿಳಿಸಬಹುದು. ಒಂದು ಹೇಂಟೆಗೆ ಸರಾಸರಿ ಎರಡು ಮರಿ ಉಳಿದರೆ ಸಂತತಿ ನಿಲ್ಲುತ್ತೆ ಅನ್ನೋದು ಹಳೇ ಅಳತೆ. ದಕ್ಷಿಣದ ಹಲವು ರಾಜ್ಯಗಳಲ್ಲಿ ಅದು ಎರಡಕ್ಕಿಂತ ಕೆಳಗೆ ಹೋಗಿ ವರ್ಷಗಳಾಗಿವೆ. ಹುಲ್ಲು ಎತ್ತರ ಇದ್ದದ್ದರಿಂದ ಮರಿಗಳ ತಲೆ ಆಗೊಮ್ಮೆ ಈಗೊಮ್ಮೆ ಕಾಣೋದು. ನಾನು ಮ್ಯೂಟ್ ಮಾಡಿಕೊಂಡು ವಿಡಿಯೋವನ್ನು ನಿಧಾನಗತಿಯಲ್ಲಿ ಮೂರು ಸಲ ನೋಡಿದೆ. ನನ್ನ ಲೆಕ್ಕಕ್ಕೆ ನಾಲ್ಕು. ಆತ ಐದು ಅಂದ. ಮಗಳು ಆರು ಅಂತ ಹಟ ಹಿಡಿದಿದ್ದಾಳಂತೆ.

ಅಜ್ಜ ಏನಂದರು ಅಂತ ಕೇಳಿದೆ. "ಎಣಿಸೋಕೆ ಹತ್ತಿರ ಹೋಗಬೇಡಿ ಅಂತ ಬೈದರು" ಅಂತ ಉತ್ತರ ಬಂತು.